ದಲಾಲ್ ಸ್ಟ್ರೀಟಿಗೆ ಮೊದಲು ದಕ್ಕೆಗೆ ಹೋಗೋಣ

ಎಂಬಿಎ, ಎಂ.ಕಾಂ. ಓದುವ ಮಕ್ಕಳಿರುವ ಮನೆಗಳಿಗೆ ವರ್ಷಕ್ಕೊಮ್ಮೆ ಕಾಲೇಜಿನಿಂದ ಒಂದು ಚೀಟಿ ಬರುತ್ತದೆ. ‘ಇಂಡಸ್ಟ್ರಿಯಲ್ ವಿಸಿಟ್, ಮುಂಬೈ, ನಾಲ್ಕು ದಿನ.’ ಬಾಪ ಕೇಳುವುದು ‘ಎಷ್ಟು ದುಡ್ಡು?’ ಉಮ್ಮ ಕೇಳುವುದು ‘ರಾತ್ರಿ ಎಲ್ಲಿ?’ ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ‘ಅಲ್ಲಿ ಹೋಗಿ ನೋಡುವುದೇನು?’ ಎಂದು ಕೇಳುವವರು ಬಹಳ ಕಡಿಮೆ. ಹಣಕಾಸು ವಿಷಯವನ್ನು ಪಾಠ ಮಾಡುತ್ತಾ ಇಂಥ ಪ್ರವಾಸಗಳ ಏರ್ಪಾಡನ್ನೂ ಮಾಡುವವನಾಗಿ ಆ ಮೂರನೇ ಪ್ರಶ್ನೆಯ ಬಗ್ಗೆ ನನಗೆ ಹೇಳಲಿಕ್ಕಿದೆ.

ಮುಂಬೈ ಷೇರುಪೇಟೆ 1875ರದ್ದು, ಏಷ್ಯಾದಲ್ಲೇ ಹಳೆಯದು. ಆದರೆ ಸಿನಿಮಾದಲ್ಲಿ ಕಾಣುವ ಹಾಗೆ ಕೈ ಎತ್ತಿ ಕೂಗಿ ಷೇರು ಮಾರುವ ದೃಶ್ಯ 1995ರಲ್ಲೇ ಮುಗಿದಿದೆ. ಈಗ ವ್ಯವಹಾರ ಎಲ್ಲ ಕಂಪ್ಯೂಟರಿನಲ್ಲಿ. ಹಾಗಾಗಿ ಮಕ್ಕಳಿಗೆ ಅಲ್ಲಿ ಸಿಗುವುದು ಒಂದು ಏಸಿ ಹಾಲ್, ಒಂದು ಪವರ್‌ಪಾಯಿಂಟ್, ಹೊರಗೆ ಕಂಚಿನ ಗೂಳಿಯ ಹತ್ತಿರ ಒಂದು ಸೆಲ್ಫಿ. ಉಳಿದ ಮೂರು ದಿನ ಜುಹು ಬೀಚ್ ಮತ್ತು ಶಾಪಿಂಗ್. ಸುತ್ತಾಟ ತಪ್ಪಲ್ಲ, ಮಕ್ಕಳು ಸುತ್ತಬೇಕು. ಆದರೆ ಅದಕ್ಕೆ ‘ಫೀಲ್ಡ್ ಸ್ಟಡಿ’ ಎಂದು ಹೆಸರಿಟ್ಟು ಅಂಕ ಕೊಡುವುದಕ್ಕೆ ನನ್ನ ತಕರಾರು.

ನಿಜ ಹೇಳಬೇಕೆಂದರೆ ಮುಂಬೈ ಪ್ರವಾಸದಲ್ಲಿ ಹಣಕಾಸಿನ ಒಳ್ಳೆಯ ಪಾಠ ಇರುವುದು ಹೋಗುವ ದಾರಿಯಲ್ಲಿ. ಮಕ್ಕಳು ಇಸ್ಪೀಟು ಆಡುತ್ತಾ, ನಿದ್ದೆ ಮಾಡುತ್ತಾ ದಾಟುವ ಕೊಂಕಣ ರೈಲು ಹಳಿಯನ್ನು ಸರಕಾರ ಬಜೆಟ್ ಹಣ ಒಂದರಿಂದಲೇ ಹಾಕಿದ್ದಲ್ಲ. 1990ರಲ್ಲಿ ಅದಕ್ಕೆಂದೇ ಒಂದು ನಿಗಮ ಕಟ್ಟಿದರು. ಬಂಡವಾಳದಲ್ಲಿ ರೈಲ್ವೆಯದ್ದು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ದುಡ್ಡಿಗೆ ಬಾಂಡ್ ಮಾರಿ ಸಾಲ ಎತ್ತಿದರು. 1998ರಲ್ಲಿ ಪೂರ್ತಿ ಓಡಾಟ ಶುರುವಾಯಿತು. ಕೊಂಕಣ ಹಳಿಯ ಒಂದು ಗೇಣು ಕೂಡ ಕೇರಳದ ನೆಲದಲ್ಲಿಲ್ಲ. ಆದರೂ ಕೇರಳ ಯಾಕೆ ದುಡ್ಡು ಹಾಕಿತು? ಈ ಒಂದು ಪ್ರಶ್ನೆಗೆ ರತ್ನಾಗಿರಿ ಬರುವವರೆಗೆ ಚರ್ಚೆ ಮಾಡಬಹುದು.

ನನ್ನ ಯೋಜನೆ ಬೇರೆ. ಬೆಳಗ್ಗೆ ಐದಕ್ಕೆ ಮಂಗಳೂರಿನ ದಕ್ಕೆ. ನಮ್ಮ ಎಷ್ಟೋ ಮನೆಗಳ ಅನ್ನ ಹುಟ್ಟಿದ ಜಾಗ. ಬೋಟು ಬರುತ್ತದೆ, ಮೀನು ಇಳಿಯುತ್ತದೆ, ಏಲಂ ಆಗುತ್ತದೆ. ಅದನ್ನು ನೋಡಿ ಬರುವುದು ಸುಲಭ. ಲೆಕ್ಕ ಅರ್ಥ ಮಾಡಿಕೊಳ್ಳುವುದು ಕಷ್ಟ. ಡೀಸೆಲಿಗೆ, ಐಸಿಗೆ, ಬಲೆಗೆ ಮುಂಗಡ ಕೊಟ್ಟವರು ಯಾರು? ಮುಂಗಡ ಕೊಟ್ಟವನ ಕೈಯಿಂದಲೇ ಮೀನು ಮಾರಬೇಕೆಂದಾದರೆ ಆ ಸಾಲದ ನಿಜವಾದ ಬೆಲೆ ಎಷ್ಟು? ಬಡ್ಡಿ ಎಂಬ ಶಬ್ದ ಅಲ್ಲಿ ಯಾರ ಬಾಯಿಯಲ್ಲೂ ಬರುವುದಿಲ್ಲ, ಕಮಿಷನ್ ಎಂಬುದು ಬರುತ್ತದೆ. ಕೆಲಸಗಾರರಿಗೆ ಸಂಬಳವೋ ಪಾಲೋ? ಮೀನು ಸಿಗದ ದಿನ ನಷ್ಟ ಯಾರ ತಲೆಗೆ? ಎರಡು ವರ್ಷ ಪುಸ್ತಕದಲ್ಲಿ ‘ರಿಸ್ಕ್’ ಓದಿದ ಹುಡುಗನಿಗೆ ಅದು ಕಣ್ಣಿಗೆ ಕಾಣುವುದು ಇಲ್ಲಿ.

ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್, ಜುಲೈ ಸೇರಿ 61 ದಿನ ರಜೆ. ತಲಪಾಡಿ ದಾಟಿದರೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ. ಒಂದೇ ಕಡಲು, ಎರಡು ಲೆಕ್ಕ. ಆ ದಿನಗಳಲ್ಲಿ ಆದಾಯ ಇಲ್ಲ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ‘ಕ್ಯಾಶ್ ಫ್ಲೋ’ ಅಂದರೆ ಏನೆಂದು ಮತ್ತೆ ವಿವರಿಸಬೇಕಾಗಿಲ್ಲ.

ದಕ್ಕೆಯಿಂದ ನಡೆದರೆ ಬಂದರ್. ಅಡಿಕೆ, ಮೆಣಸು, ಒಣಮೀನು. ಮೀನನ್ನು ಅದೇ ದಿನ ಮಾರಬೇಕು; ಅಡಿಕೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಹೊಸ ಅಡಿಕೆಗೆ ಒಂದು ದರ, ಚೋಲಿಗೆ ಇನ್ನೊಂದು, ಡಬಲ್ ಚೋಲಿಗೆ ಮತ್ತೊಂದು. ಒಂದು ವರ್ಷ ಗೋದಾಮಿನಲ್ಲಿಟ್ಟು ಮಾರಿದರೆ ಹೆಚ್ಚಿಗೆ ಸಿಗುವ ದುಡ್ಡು, ಅಷ್ಟು ಸಮಯ ಕಟ್ಟಿಬಿದ್ದ ಬಂಡವಾಳಕ್ಕೆ ಸಾಕಾಗುತ್ತದೋ? ಇದನ್ನೇ ನಾವು ಕ್ಲಾಸಿನಲ್ಲಿ ‘ಟೈಮ್ ವ್ಯಾಲ್ಯೂ ಆಫ್ ಮನಿ’ ಎಂದು ಸೂತ್ರ ಬರೆದು ಕಲಿಸುವುದು. ಬಂದರಿನ ವ್ಯಾಪಾರಿ ಅದನ್ನು ಅಡಿಕೆ ಕತ್ತರಿಸಿ ನೋಡಿ ಬಾಯಿಲೆಕ್ಕದಲ್ಲಿ ಹೇಳುತ್ತಾನೆ. ಮಂಗಳೂರಿನಲ್ಲೇ ಕ್ಯಾಂಪ್ಕೋದ ಕೇಂದ್ರ ಕಚೇರಿ ಇದೆ. ಅಡಿಕೆ ದರ ಕುಸಿದು ಬೆಳೆಗಾರರು ಸೋತಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯವರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ. ಗಡಿಯ ಈಚೆ ಇರುವ ನಮಗೆ ಅದು ಬೇರೆಯವರದ್ದಲ್ಲ.

ಎರಡನೇ ದಿನ ಉಡುಪಿ. ಹಾಜಿ ಅಬ್ದುಲ್ಲಾ ಸಾಹೇಬರ ಮನೆ. 1906ರಲ್ಲಿ ಅವರೂ ಊರಿನ ಇತರರೂ ಸೇರಿ ₹5,000 ಬಂಡವಾಳದಿಂದ ಶುರು ಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನದ ಲೆಕ್ಕ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರು ಮಾಡಿದ್ದು ಕೆನರಾ ಬ್ಯಾಂಕಾಯಿತು. ಆಗ ಕಾಸರಗೋಡು ಅದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಆದ್ದರಿಂದ ಇದು ನಮ್ಮ ಚರಿತ್ರೆಯೂ ಹೌದು. ಕಾರ್ಪೊರೇಷನ್ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ ಒಂದರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. 114 ವರ್ಷದ ಹೆಸರು ಬೋರ್ಡಿನಿಂದ ಇಳಿಯಿತು. ಅದರಿಂದ ಲಾಭ ಯಾರಿಗಾಯಿತು ಎಂದು ಮಕ್ಕಳು ವಾದ ಮಾಡಲಿ.

ಅಲ್ಲಿ ಇನ್ನೊಂದು ವಾದವೂ ಏಳುತ್ತದೆ, ಏಳಬೇಕು. ಹಜ್ ಮಾಡಿದವರು ಬಡ್ಡಿಯ ಬ್ಯಾಂಕ್ ಕಟ್ಟಿದ್ದು ಹೇಗೆ? ನಮ್ಮ ಮನೆಗಳಲ್ಲಿ ಫೈನಾನ್ಸ್ ಓದುವ ಮಕ್ಕಳಿಗೆ ಇದೇ ಮಾತು ಸುತ್ತಿ ಬಳಸಿ ಎದುರಾಗುತ್ತದೆ. ‘ಬಡ್ಡಿ ಹರಾಮ್, ಅದನ್ನು ಕಲಿತು ಏನು ಮಾಡುತ್ತೀ ಮೋನೆ?’ ಫತ್ವಾ ಕೊಡಲಿಕ್ಕೆ ನಾನು ಉಸ್ತಾದನಲ್ಲ. ಆದರೆ ಅಂಗಡಿಯ ಸರಕು, ಬರಬೇಕಾದ ಬಾಕಿ, ಕೊಡಬೇಕಾದ ಸಾಲ ಎಲ್ಲ ಲೆಕ್ಕ ಹಾಕದೆ ಶೇ. 2.5 ಝಕಾತ್ ಕೊಡುವುದು ಹೇಗೆ? ಬ್ಯಾಲೆನ್ಸ್ ಶೀಟ್ ಓದಲು ಬರದವನು ಬಡ್ಡಿಯಿಂದ ದೂರ ಇರಬಹುದು, ಮೋಸದಿಂದ ದೂರ ಇರಲಾರ. ‘ಬಡ್ಡಿಯಲ್ಲ, ಲಾಭದ ಪಾಲು, ಹಲಾಲ್’ ಎಂಬ ಮಾತು ಕೇಳಿ ಗಲ್ಫಿನಲ್ಲಿ ಬೆವರು ಸುರಿಸಿ ಕಳಿಸಿದ ದುಡ್ಡನ್ನು, ಕೆಲವರು ಮಗಳ ಬಂಗಾರವನ್ನೂ, ಹಾಕಿ ಕಳೆದುಕೊಂಡ ಮನೆಗಳು ನಮ್ಮ ಊರುಗಳಲ್ಲಿ ಒಂದೆರಡಲ್ಲ. ನಿಜವಾದ ಲಾಭದ ಪಾಲು ತಿಂಗಳು ತಿಂಗಳು ಒಂದೇ ಮೊತ್ತದಲ್ಲಿ ಬರುವುದಿಲ್ಲ ಎಂಬ ಒಂದೇ ಮಾತು ಗೊತ್ತಿದ್ದಿದ್ದರೆ ಎಷ್ಟೋ ಮನೆ ಉಳಿಯುತ್ತಿತ್ತು. ದಕ್ಕೆಯಲ್ಲಿ ಪಾಲು ದಿನಕ್ಕೊಂದು ತರ ಇರುವುದನ್ನು ಕಂಡ ಹುಡುಗಿಗೆ ಅದು ಕೂಡಲೇ ಹೊಳೆಯುತ್ತದೆ. ಉಮ್ಮಂದಿರು ಸೇರಿ ನಡೆಸುವ ಕುರಿಯ ಲೆಕ್ಕವನ್ನೂ ಪ್ರವಾಸಕ್ಕೆ ಮೊದಲು ಪ್ರತಿಯೊಬ್ಬರೂ ಮನೆಯಿಂದ ಬರೆದು ತರಬೇಕೆಂದು ನಾನು ಹೇಳುತ್ತೇನೆ. ಹೆಸರು ಬೇಡ, ಲೆಕ್ಕ ಸಾಕು.

‘ಊರಿನದ್ದು ನೋಡಲಿಕ್ಕೆ ಟ್ರಿಪ್ ಯಾಕೆ ಸಾರ್?’ ಎಂದು ಮಕ್ಕಳು ಕೇಳುವುದುಂಟು. ಸಂದರ್ಶನದಲ್ಲಿ ಮುಂಬೈ ಹೆಸರು ಹೇಳಿದರೆ ತೂಕ ಎಂಬ ಲೆಕ್ಕಾಚಾರವೂ ಇದೆ. ಎದುರು ಕೂತವರು ಎರಡನೇ ಪ್ರಶ್ನೆ ಕೇಳುವವರೆಗೆ ಮಾತ್ರ ಆ ತೂಕ. ಇನ್ನು ಎರಡೂ ದಿನ ರಾತ್ರಿಗೆ ಮನೆ ಸೇರುವುದರಿಂದ ಹೆಣ್ಣುಮಕ್ಕಳಿಗೆ ಒಪ್ಪಿಗೆ ಸುಲಭ ಎಂದು ಕೆಲವರು ಈ ಯೋಜನೆಯನ್ನು ಹೊಗಳಿದರು. ಆ ಹೊಗಳಿಕೆ ನನಗೆ ಬೇಡ. ಮುಂದಿನ ವರ್ಷ ಮುಂಬೈಗೆ ರಿಸರ್ವ್ ಬ್ಯಾಂಕಿನ ನಾಣ್ಯ ಮ್ಯೂಸಿಯಂ ನೋಡಲು ಹೊರಟರೆ ಗಂಡುಮಕ್ಕಳಷ್ಟೇ ಬಸ್ಸು ಹತ್ತಬಾರದು. ಕ್ಲಾಸಿನಲ್ಲಿ ಲೆಕ್ಕ ಚೆನ್ನಾಗಿ ಬರುವವರು ಯಾರು ಎಂದು ಬಾಪಂದಿರು ಬಂದು ಒಮ್ಮೆ ನನ್ನನ್ನು ಕೇಳಲಿ, ಹೇಳುತ್ತೇನೆ.

ಏರ್ಪಾಡಿನ ಕೆಲವು ಮಾತು. ಮಳೆಗಾಲದ ನಿಷೇಧ ಮುಗಿದು ದಕ್ಕೆಯಲ್ಲಿ ಮೀನು ತುಂಬಿರುವಾಗಲೇ ಹೋಗಬೇಕು. ಶುಕ್ರವಾರ ಬೇಡ, ಜುಮಾ ಹೊತ್ತಿಗೆ ಬಂದರ್ ಖಾಲಿ. ಸಂಸ್ಥೆಗಳಿಗೆ ಒಂದು ತಿಂಗಳು ಮೊದಲೇ ಕಾಗದ, ಮಕ್ಕಳ ಪಟ್ಟಿ ಸಹಿತ. ಅರವತ್ತು ಜನ ಒಟ್ಟಿಗೆ ನುಗ್ಗಿದರೆ ಏಲಂ ಕೂಗುವವನಿಗೂ ತೊಂದರೆ, ಮಕ್ಕಳಿಗೂ ಏನೂ ಕೇಳಿಸುವುದಿಲ್ಲ. ನಾಲ್ಕೈದು ಜನರ ಗುಂಪು ಮಾಡಬೇಕು. ಬ್ಯಾನರ್ ಹಿಡಿದು ಫೋಟೋ ಕೊನೆಗೆ ಒಂದು ಸಾಕು.

ಆದರೆ ಈ ಯೋಜನೆಯ ಮುಖ್ಯ ಭಾಗ ಕಾಲೇಜಿನ ಕೈಯಲ್ಲಿಲ್ಲ, ಇದನ್ನು ಓದುವವರ ಕೈಯಲ್ಲಿದೆ. ಬಂದರಿನಲ್ಲಿ, ದಕ್ಕೆಯಲ್ಲಿ, ಉಪ್ಪಳದಲ್ಲಿ, ಕುಂಬಳೆಯಲ್ಲಿ ಅಂಗಡಿ, ಬೋಟು, ಗೋದಾಮು ಇರುವವರು ನೀವು. ನಾಲ್ಕು ಮಕ್ಕಳನ್ನು ಅರ್ಧ ದಿನ ಗಲ್ಲೆಯ ಪಕ್ಕ ಕೂರಿಸಿಕೊಳ್ಳಿ. ಗಿರಾಕಿಯ ಹೆಸರು ಮುಚ್ಚಿ, ಬಾಕಿ ಪುಸ್ತಕದ ಎರಡು ಪುಟ ತೋರಿಸಿ. ಯಾರಿಗೆ ಸಾಲ ಕೊಡುತ್ತೀರಿ, ಯಾರಿಗೆ ಇಲ್ಲ, ಯಾಕೆ ಎಂದು ಹೇಳಿ. ಹದಿನೈದು ಅಂಗಡಿಯವರು ಹೂಂ ಎಂದರೆ ನನ್ನ ಕ್ಲಾಸ್ ಪೂರ್ತಿ ಆಗುತ್ತದೆ. ಚಾಯ ನಾವೇ ಕುಡಿದು ಬರುತ್ತೇವೆ.