ಮನೆಯೊಳಗಿನ ಹೂಳು

ತುಂಗಭದ್ರಾ ಜಲಾಶಯ 1953ರಲ್ಲಿ ಬಳಕೆಗೆ ಬಂದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಈಗ ನಿಲ್ಲುವುದು ಸುಮಾರು 105 ಟಿಎಂಸಿ ಮಾತ್ರ. ಅಣೆಕಟ್ಟಿನ ಎತ್ತರ ತಗ್ಗಿಲ್ಲ. ದಂಡೆಯ ಮೇಲೆ ನಿಂತವರಿಗೆ ಜಲಾಶಯ ತುಂಬಿಯೇ ಕಾಣುತ್ತದೆ. ಆದರೆ ತಳದಲ್ಲಿ ಹೂಳು ಕುಳಿತಿದೆ. ಅದನ್ನು ಯಾರೂ ಒಂದೇ ದಿನ ತಂದು ಸುರಿದದ್ದಲ್ಲ, ಪ್ರತಿ ಮಳೆಗಾಲದಲ್ಲಿ ಒಂದಿಷ್ಟು ಬಂದು ಸೇರಿದ್ದು.

ಸರ್ಕಾರಿ ಎಂಜಿನಿಯರನಾಗಿ ದುಡಿದು ನಿವೃತ್ತನಾದ ನನಗೆ ನಮ್ಮ ಮನೆಗಳ ಅಟ್ಟ, ಸಜ್ಜ, ಮಂಚದ ಕೆಳಗಿನ ಜಾಗ ನೋಡಿದಾಗಲೆಲ್ಲ ಈ ಹೂಳೇ ನೆನಪಾಗುತ್ತದೆ. ಕಾಲು ಮುರಿದ ಕುರ್ಚಿ, ಕೆಟ್ಟ ಮಿಕ್ಸರ್, ಮದುವೆಗಳಲ್ಲಿ ಉಡುಗೊರೆ ಬಂದ ಸ್ಟೀಲ್ ಡಬ್ಬಿಗಳು, ಟಿ.ವಿ. ಬಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆ, ಮಕ್ಕಳ ಹಳೆಯ ನೋಟ್‌ಬುಕ್ಕುಗಳು. ಮೂರು ಕೋಣೆಯ ಮನೆ ಇರುತ್ತದೆ, ಆದರೆ ಊರಿನಿಂದ ಬಂದವರಿಗೆ ಹಾಸಿಗೆ ಹಾಸಲು ಜಾಗ ಇರುವುದಿಲ್ಲ. ವಾಸದ ಕೋಣೆಯ ನೆಲವನ್ನು ನಾವು ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತೇವೆ. ಹಳೆಯ ಪುಸ್ತಕ, ಕಾಗದಗಳನ್ನು ಎದೆಯೆತ್ತರ ಒಟ್ಟಿದರೆ ಆ ಮಿತಿ ಸುಲಭವಾಗಿ ದಾಟುತ್ತದೆ. ಹಾಗೆ ಒಟ್ಟಿಟ್ಟ ಮನೆಗಳು ಎಷ್ಟೋ ಇವೆ.

ಬಸವಾದಿ ಶರಣರು ಮನೆ ಬಿಟ್ಟು ಕಾಡಿಗೆ ಹೋಗಿ ಎನ್ನಲಿಲ್ಲ. ಕಾಯಕ ಮಾಡಿ, ಗಳಿಸಿ, ದಾಸೋಹ ಮಾಡಿ ಎಂದರು. ಗಳಿಸಿದ್ದು ಎಲ್ಲಿ ನಿಲ್ಲಬೇಕು ಎಂಬುದನ್ನು ಆಯ್ದಕ್ಕಿ ಲಕ್ಕಮ್ಮ ತೋರಿಸಿಕೊಟ್ಟರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚು ಬಂತು. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದರು. ಅದು ಕದ್ದದ್ದಲ್ಲ, ಬೇಡಿದ್ದಲ್ಲ, ಕೆಟ್ಟದ್ದೂ ಅಲ್ಲ. ಇಂದಿಗೆ ಬೇಕಾದುದಕ್ಕಿಂತ ಹೆಚ್ಚು, ಅಷ್ಟೇ. ಈ ಕಥೆಯನ್ನು ವೇದಿಕೆಯಲ್ಲಿ ಕೇಳಿ ಚಪ್ಪಾಳೆ ತಟ್ಟುವ ನಾವು ಮನೆಗೆ ಬಂದು 'ಇರಲಿ, ಮುಂದೆ ಬೇಕಾದೀತು' ಎಂದು ಇನ್ನೊಂದು ಡಬ್ಬಿಯನ್ನು ಅಟ್ಟಕ್ಕೆ ಏರಿಸುತ್ತೇವೆ.

'ಮುಂದೆ ಬೇಕಾದೀತು', 'ದುಡ್ಡು ಕೊಟ್ಟು ತಂದದ್ದು' ಎಂಬ ಎರಡು ನೆಪಗಳನ್ನು ಸ್ವಲ್ಪ ಮನಸ್ಸು ಗಟ್ಟಿ ಮಾಡಿದರೆ ದಾಟಬಹುದು. ದಾಟಲಾಗದ್ದು ಪ್ರೀತಿಯ ಗಂಟು. ಲಿಂಗೈಕ್ಯರಾದ ತಾಯಿಯ ಸೀರೆಗಳು, ತಂದೆಯ ಕನ್ನಡಕ, ಕೋಲು, ಕೋಟು. ಇದರಲ್ಲಿ ನಮ್ಮ ಸಮಾಜ ಎರಡು ತುದಿಗಳಿಗೆ ಹೋಗುತ್ತದೆ. ಕೆಲವರು ಸತ್ತವರ ಬಟ್ಟೆ ಮನೆಯಲ್ಲಿರಬಾರದೆಂದು ಅಂಜಿ ಎಲ್ಲವನ್ನೂ ಸುಡುತ್ತಾರೆ, ಹೊಳೆಗೆ ಬಿಡುತ್ತಾರೆ. ಸೂತಕವನ್ನೇ ಒಪ್ಪದ ಧರ್ಮದವರಿಗೆ ಈ ಅಂಜಿಕೆ ಎಲ್ಲಿಯದು? ಇನ್ನು ಕೆಲವರು ಟ್ರಂಕಿಗೆ ಬೀಗ ಹಾಕಿ ಹತ್ತಿಪ್ಪತ್ತು ವರ್ಷ ಇಡುತ್ತಾರೆ. ಸೀರೆ ಮಡಿಕೆಯಲ್ಲೇ ಹರಿಯುತ್ತದೆ, ಯಾರ ಮೈಯನ್ನೂ ಮುಚ್ಚುವುದಿಲ್ಲ.

ನಮ್ಮ ಉತ್ತರ ಕರ್ನಾಟಕದ ತಾಯಂದಿರು ಈ ಎರಡರ ನಡುವಿನ ದಾರಿಯನ್ನು ಎಂದೋ ಕಂಡುಕೊಂಡಿದ್ದರು. ಅದು ಕೌದಿ. ಅವ್ವನ ಹಳೆಯ ಸೀರೆ, ಅಪ್ಪನ ಧೋತರ ಸೇರಿಸಿ ಹೊಲಿದ ಕೌದಿಯಲ್ಲಿ ಮೊಮ್ಮಗು ಮಲಗುತ್ತಿತ್ತು. ಅಲ್ಲಿ ನೆನಪೂ ಉಳಿಯಿತು, ಬಟ್ಟೆಯೂ ಬಳಕೆಯಾಯಿತು. ಸಮಾಧಿ ಮಾಡುವಾಗ ವಿಭೂತಿ, ಪತ್ರೆ, ಇಷ್ಟಲಿಂಗದ ಹೊರತು ನಾವು ಏನನ್ನು ಜೊತೆಗೆ ಕಳಿಸುತ್ತೇವೆ? ಉಳಿದದ್ದೆಲ್ಲ ಇದ್ದವರಿಗೆ ಸೇರಿದ್ದು. ಅದನ್ನು ಕೂಡಿಹಾಕುವುದು ಹೋದವರಿಗೆ ಸಲ್ಲಿಸುವ ಗೌರವವಲ್ಲ.

ಹಾಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಗುಜರಿಗೆ ಹಾಕಬಾರದು. ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಯ ಕಟ್ಟುಗಳನ್ನು ಹುಡುಕದಿದ್ದರೆ 1923ರಲ್ಲಿ 'ವಚನಶಾಸ್ತ್ರ ಸಾರ' ಹೊರಬರುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ಓದುವವರಿಲ್ಲದೆ ಬಟ್ಟೆಯಲ್ಲಿ ಸುತ್ತಿ ಕುಳಿತಿದ್ದವು. ಅವುಗಳನ್ನು ಹೊರತಂದು ಅಚ್ಚು ಹಾಕಿಸಲು ಆ ಮಹನೀಯರು ಸ್ವಂತ ಮನೆಯನ್ನೇ ಮಾರಿದರು. ಅವರು ಯಾವುದನ್ನು ಉಳಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನು ನೋಡಿ. ಅಟ್ಟದಲ್ಲಿ ಹಸ್ತಪ್ರತಿ, ಹಳೆಯ ಪತ್ರ, ದಿನಚರಿ ಸಿಕ್ಕರೆ ತಿಳಿದವರಿಗೆ ತೋರಿಸಿ, ಸಂಶೋಧನಾ ಸಂಸ್ಥೆಗೋ ಮಠದ ಗ್ರಂಥಾಲಯಕ್ಕೋ ಕೊಡಿ.

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮನೆ ಖಾಲಿ ಮಾಡುವಾಗ ಹರಿದ ಹಾಸಿಗೆ, ಬಿರುಕು ಬಿಟ್ಟ ಬಕೆಟ್ಟು, ಗುಂಡಿ ಕಿತ್ತ ಅಂಗಿಗಳನ್ನು ಮಠಕ್ಕೆ ಸಾಗಿಸಿ 'ದಾಸೋಹಕ್ಕೆ ಕೊಟ್ಟೆ' ಎನ್ನುವ ರೂಢಿ ಬೆಳೆದಿದೆ. ಅದು ನಮ್ಮ ಹೂಳನ್ನು ಮಠದ ಉಗ್ರಾಣಕ್ಕೆ ಸಾಗಿಸಿದಂತೆ. ನಮ್ಮ ಮಕ್ಕಳಿಗೆ ಕೊಡಲಾರದ್ದನ್ನು ಪ್ರಸಾದ ನಿಲಯದ ಮಗುವಿಗೆ ಕೊಡುವುದು ದಾಸೋಹ ಹೇಗಾದೀತು? ಇನ್ನೂ ಬಾಳುವ ವಸ್ತುವನ್ನು ಒಗೆದು, ರಿಪೇರಿ ಮಾಡಿಸಿ, ಬೇಕೇ ಎಂದು ಮೊದಲು ಕೇಳಿ ಕೊಡೋಣ.

ಮಠಗಳೂ ಸಂಘಟನೆಗಳೂ ಒಂದು ಹೆಜ್ಜೆ ಇಡಬೇಕು. ಪ್ರತಿ ಸಮಾರಂಭದಲ್ಲಿ ಶಾಲು, ಹಾರ, ಫೈಬರ್ ಸ್ಮರಣಿಕೆ. ನಿವೃತ್ತ ಅಧಿಕಾರಿಗಳ ಮನೆಯ ಶೋಕೇಸು ತುಂಬಿ ಈಗ ಅವು ಸಜ್ಜ ಸೇರುತ್ತಿವೆ. ಅವನ್ನು ಎಸೆಯಲು ಮನಸ್ಸು ಬಾರದು, ಇನ್ನೊಬ್ಬರಿಗೆ ಕೊಡಲೂ ಆಗದು, ಹೆಸರು ಕೆತ್ತಿರುತ್ತದೆ. ಸನ್ಮಾನಿತರಿಗೆ ಒಂದು ವಚನ ಸಂಪುಟ ಕೊಡಿ. ಉಳಿದ ಹಣ ಒಬ್ಬ ವಿದ್ಯಾರ್ಥಿಯ ಶುಲ್ಕಕ್ಕೆ ಹೋಗಲಿ.

ಸರ್ಕಾರಿ ಉಗ್ರಾಣಗಳಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆ ಇರುತ್ತದೆ. ಬಳಕೆಯಲ್ಲಿರುವುದು, ಹೆಚ್ಚುವರಿ, ನಿರುಪಯುಕ್ತ ಎಂದು ಪಟ್ಟಿ ಮಾಡಿ, ನಿರುಪಯುಕ್ತವಾದದ್ದನ್ನು ಲೆಕ್ಕದಿಂದ ತೆಗೆದು ಹರಾಜು ಹಾಕುತ್ತಾರೆ. ಮನೆಗೂ ಇದು ಸಲ್ಲುತ್ತದೆ. ಬಸವ ಜಯಂತಿಗೆ ಮುಂಚಿನ ಒಂದು ಭಾನುವಾರ ಮನೆಮಂದಿಯೆಲ್ಲ ಕೂಡಿ ಅಟ್ಟ ಇಳಿಸಿ. ಹಿರಿಯರ ವಸ್ತುವನ್ನು ಅವರನ್ನು ಕೇಳದೆ ತೆಗೆಯಬೇಡಿ. ಅದರ ಕಥೆಯನ್ನು ಅವರ ಬಾಯಿಂದ ಮೊದಲು ಕೇಳಿ, ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಕಥೆ ಹೇಳಿ ಮುಗಿಸಿದ ಮೇಲೆ ಅವರೇ 'ಯಾರಿಗಾದರೂ ಕೊಡ್ರಿ' ಎನ್ನುತ್ತಾರೆ.

ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಅರ್ಪಿಸಬೇಕೆನ್ನುತ್ತದೆ ನಮ್ಮ ಧರ್ಮ. ಅಟ್ಟದ ಮೇಲಿನ ಡಬ್ಬಿಯನ್ನೇ ಬಿಡಲಾರದ ಕೈ ಅಷ್ಟನ್ನು ಅರ್ಪಿಸೀತೆ? ಮೊದಲು ಒಂದು ಕೋಣೆ ತೆರವಾಗಲಿ. ಊರಿನಿಂದ ಬಂದ ಶರಣರು ಅಲ್ಲಿ ಒಂದು ರಾತ್ರಿ ನೆಮ್ಮದಿಯಾಗಿ ಮಲಗಲಿ.