ಎರಡೇ ತಿಂಗಳ ನೌಕರಿಯನ್ನು ನಮೂದಿಸಬೇಕೆ?

ವಿದ್ಯಾಭ್ಯಾಸ ಮುಗಿಸಿದ ನಮ್ಮ ಯುವಕ ಯುವತಿಯರು ಗುಣನಡತೆಯ ಪ್ರಮಾಣಪತ್ರ ಕೇಳಿಕೊಂಡು ಧರ್ಮಕೇಂದ್ರದ ಕಚೇರಿಗೆ ಬರುವುದು ಹೊಸತೇನಲ್ಲ. ಆದರೆ ಈಚಿನ ವರ್ಷಗಳಲ್ಲಿ ಆ ಕೋರಿಕೆಯ ಬೆನ್ನಿಗೇ ಮತ್ತೊಂದು ಪ್ರಶ್ನೆಯೂ ಬರುತ್ತಿದೆ. ಒಂದು ಸಂಸ್ಥೆಯಲ್ಲಿ ಆರು ವಾರವೋ ಎರಡು ತಿಂಗಳೋ ದುಡಿದು ಬಿಟ್ಟದ್ದುಂಟು. ಹಿರಿಯರು ಬಯೋಡಾಟಾ ಎನ್ನುತ್ತಿದ್ದ, ಮಕ್ಕಳು ಈಗ ರೆಸ್ಯೂಮೆ ಎನ್ನುವ ಆ ಹಾಳೆಯಲ್ಲಿ ಅದನ್ನು ಬರೆಯಬೇಕೆ, ಬೇಡವೆ? ಮೇಲ್ನೋಟಕ್ಕೆ ಇದು ಉದ್ಯೋಗ ಸಲಹೆಗಾರರಿಗೆ ಬಿಡಬೇಕಾದ ಸಣ್ಣ ಸಂಗತಿ. ಆದರೆ ಇದನ್ನು ನಿಭಾಯಿಸುವ ಬಗೆ ತಪ್ಪಿದರೆ ಕೈಗೆ ಬಂದ ನೇಮಕಾತಿ ಪತ್ರವೇ ಹಿಂದೆ ಸರಿಯಬಹುದು. ಆದ್ದರಿಂದ ಈ ವಾರ ಇದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಅಲ್ಪಾವಧಿಯ ನೌಕರಿಯೆಲ್ಲ ಚಾಂಚಲ್ಯದ ಗುರುತಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹೆರಿಗೆ ರಜೆಯಲ್ಲಿ ಹೋದ ಶಿಕ್ಷಕಿಯ ಬದಲಿಗೆ ಬಂದವರು ಆಕೆ ಮರಳಿದಾಗ ಹೊರಡಲೇಬೇಕು. 2020ರ ಫೆಬ್ರವರಿಯಲ್ಲಿ ಹೋಟೆಲಿಗೋ ಪ್ರವಾಸಿ ಸಂಸ್ಥೆಗೋ ಸೇರಿದವರು ಮಾರ್ಚ್ ಅಂತ್ಯದ ಲಾಕ್‌ಡೌನ್‌ನಲ್ಲಿ ಮನೆಗೆ ಮರಳಿದ್ದು ಅವರ ತಪ್ಪಿನಿಂದಲ್ಲ. ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು ಆದಾಗ ಬಿಟ್ಟುಬಂದವರೂ ಇದ್ದಾರೆ. ಒಂದೇ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ತಂದೆಗೆ ಇದು ಅರ್ಥವಾಗುವುದು ಕಷ್ಟ. ಆದರೆ ಅಂಥ ಬ್ಯಾಂಕುಗಳ ಬಾಗಿಲು ಇಂದಿನ ಮಕ್ಕಳಿಗೆ ಅಷ್ಟು ಸುಲಭವಾಗಿ ತೆರೆಯುವುದೂ ಇಲ್ಲ.

ಇನ್ನು ನೈತಿಕ ಪ್ರಶ್ನೆ. ಬರೆಯದೆ ಬಿಟ್ಟರೆ ಅದು ಸುಳ್ಳಾಗುತ್ತದೆಯೆ? ಸುಳ್ಳನ್ನು ಯಾವ ಕಾರಣಕ್ಕೂ ಒಪ್ಪದಿದ್ದ ಸಂತ ಆಗಸ್ಟೀನರೇ ಸತ್ಯವನ್ನು ಹೇಳದೆ ಇಟ್ಟುಕೊಳ್ಳುವುದು ಬೇರೆ, ಸುಳ್ಳಾಡುವುದು ಬೇರೆ ಎಂದು ವಿಂಗಡಿಸಿದರು. ಸಂತ ಥಾಮಸ್ ಅಕ್ವಿನಾಸರು ಆ ವಿಂಗಡಣೆಯನ್ನು ಅಂಗೀಕರಿಸಿದರು. ಎಲ್ಲ ಸತ್ಯವನ್ನೂ ಎಲ್ಲರ ಮುಂದೆಯೂ ಹೇಳಬೇಕೆಂಬ ಕಟ್ಟಳೆ ಯಾರ ಮೇಲೂ ಇಲ್ಲ. ಸ್ವವಿವರವು ಸ್ವಭಾವತಃ ಆಯ್ಕೆಯ ಬರಹ. ಹೈಸ್ಕೂಲಿನ ನಾಟಕದಲ್ಲಿ ಪಾತ್ರ ಮಾಡಿದ್ದನ್ನು ಬಿಟ್ಟಂತೆಯೇ ತರಬೇತಿಯ ಹಂತದಲ್ಲಿ ಬಿಟ್ಟ ಆರು ವಾರದ ಕೆಲಸವನ್ನೂ ಬಿಡಬಹುದು. ಸ್ವವಿವರ ಪಾಪನಿವೇದನೆಯಲ್ಲ! (ಪಾಪನಿವೇದನೆಗೆ ಬಂದಾಗ ಸಂಕ್ಷೇಪವಾಗಿ ಮುಗಿಸುವವರು ಇಲ್ಲಿ ಮಾತ್ರ ಏನನ್ನೂ ಬಿಡಬಾರದೆಂದು ಚಿಂತಿಸುವುದು ವಿಚಿತ್ರವೇ ಸರಿ.)

ಆದರೆ ಅರ್ಜಿ ನಮೂನೆಯ ಮಾತು ಬೇರೆ. "ಈ ಹಿಂದಿನ ಎಲ್ಲ ಉದ್ಯೋಗಗಳನ್ನು ನಮೂದಿಸಿ" ಎಂದು ಅದು ಕೇಳಿದಾಗ, ಕೆಳಗೆ "ಮೇಲಿನ ವಿವರಗಳು ಸತ್ಯ" ಎಂದು ಸಹಿ ಹಾಕಬೇಕಾದಾಗ, ನಾವು ಪರಿಚಯ ಹೇಳುತ್ತಿಲ್ಲ, ಸಾಕ್ಷಿ ನುಡಿಯುತ್ತಿದ್ದೇವೆ. ಅಲ್ಲಿ ಬಿಟ್ಟದ್ದು ಎಂಟನೆಯ ಆಜ್ಞೆಯ ವ್ಯಾಪ್ತಿಗೇ ಬರುತ್ತದೆ. ನಮ್ಮ ನ್ಯಾಯಾಂಗವೂ ಇದಕ್ಕೆ ಸಮೀಪದ ವಿವೇಚನೆಯನ್ನೇ ತೋರಿದೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ನಮೂನೆಯಲ್ಲಿ ನಿರ್ದಿಷ್ಟವಾಗಿ ಕೇಳಿದ ಮಾಹಿತಿಯನ್ನು ಅಭ್ಯರ್ಥಿ ಸತ್ಯವಾಗಿ ತಿಳಿಸಲೇಬೇಕು, ಆದರೆ ನಿರ್ದಿಷ್ಟವಾಗಿ ಕೇಳದ ಮಾಹಿತಿಯನ್ನು ತಿಳಿಸದಿದ್ದರೆ ಅದನ್ನು ಮರೆಮಾಚಿದಂತೆ ಎಣಿಸಲಾಗದು ಎಂದಿತು. ಅಲ್ಲಿನ ವಿವಾದ ಪೊಲೀಸ್ ಮೊಕದ್ದಮೆಗಳ ವಿವರ ಕುರಿತದ್ದು. ತತ್ತ್ವವಂತೂ ನಮ್ಮ ವಿಷಯಕ್ಕೂ ಸಲ್ಲುವಂಥದು. ಭವಿಷ್ಯನಿಧಿಗೆ ಸೇರುವಾಗ ತುಂಬುವ 11ನೇ ನಮೂನೆಯೂ ಹಿಂದೆ ಸದಸ್ಯರಾಗಿದ್ದಿರಾ, ಹಿಂದಿನ ಕೆಲಸ ಬಿಟ್ಟ ದಿನಾಂಕ ಯಾವುದು ಎಂದು ಕೇಳುತ್ತದೆ. ಅದು ಎರಡು ತಿಂಗಳ ಕೆಲಸವಾಗಿದ್ದರೂ ಉತ್ತರ ಕೊಡಲೇಬೇಕು.

ನಿಜವಾದ ಅನರ್ಥ ನಡೆಯುವುದು ಬಿಡುವುದರಲ್ಲಲ್ಲ, ಬಿಟ್ಟ ಜಾಗವನ್ನು ತುಂಬುವುದರಲ್ಲಿ. 2021ರ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಒಂದು ಕಡೆ ದುಡಿದು, ಡಿಸೆಂಬರಿನಲ್ಲಿ ಇನ್ನೊಂದು ಕಡೆ ಸೇರಿ, 2023ರ ಜನವರಿಯಲ್ಲಿ ಅದನ್ನು ಬಿಟ್ಟ ಯುವಕನೊಬ್ಬನನ್ನು ಊಹಿಸಿಕೊಳ್ಳೋಣ. ಎರಡನೆಯ ಕೆಲಸವನ್ನು ಬಿಟ್ಟು, ನಡುವಿನ ಖಾಲಿ ತಿಂಗಳುಗಳನ್ನು ಖಾಲಿಯಾಗಿಯೇ ತೋರಿಸಿದರೆ ಅವನು ಮೌನವಾಗಿದ್ದಾನೆ, ಅಷ್ಟೆ. ಮೊದಲನೆಯ ಕೆಲಸವನ್ನು ಜನವರಿಯವರೆಗೆ ಎಳೆದರೆ ಅದು ಸುಳ್ಳು. ಮೂರನೆಯ ಉಪಾಯವೊಂದಿದೆ, ಎಲ್ಲಕ್ಕಿಂತ ಜಾಣತನದ್ದು: ತಿಂಗಳುಗಳನ್ನು ಕೈಬಿಟ್ಟು, ಎರಡನೆಯ ಸಂಸ್ಥೆಯ ಮುಂದೆ "2022–2023" ಎಂದಷ್ಟೇ ಬರೆಯುವುದು. ಇಲ್ಲಿ ಒಂದೊಂದು ಅಂಕಿಯೂ ನಿಜ; ಒಟ್ಟಿನಲ್ಲಿ ಓದುವವನಿಗೆ ತಲಪುವುದು ಮಾತ್ರ ಒಂದೆರಡು ವರ್ಷದ ಅನುಭವವೆಂಬ ಸುಳ್ಳು. ತರ್ಕಶಾಸ್ತ್ರ ಓದಿದವರು ಇದನ್ನು ಸಮರ್ಥಿಸಲು ಹೊರಟರೆ ಆ ವಿದ್ಯೆಗೇ ಅವಮಾನ.

ಈ ಜಾಣತನ ಈಗ ನಡೆಯುವುದೂ ಇಲ್ಲ. ಹಿಂದೆ ಸಂಸ್ಥೆ ಬದಲಿಸಿದಾಗಲೆಲ್ಲ ಭವಿಷ್ಯನಿಧಿಗೆ ಹೊಸ ಸಂಖ್ಯೆ ದೊರೆಯುತ್ತಿತ್ತು. 2014ರಲ್ಲಿ ಜಾರಿಗೆ ಬಂದ ಯು.ಎ.ಎನ್. ಎಂಬ ಖಾಯಂ ಸಂಖ್ಯೆಯ ಅಡಿಯಲ್ಲಿ ಎಲ್ಲ ಖಾತೆಗಳೂ ಒಂದಾಗಿ, ಎಲ್ಲಿ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬ ಸೇವಾ ವಿವರ ಒಂದೇ ಕಡೆ ಕಾಣುತ್ತದೆ. ನೇಮಕಕ್ಕೆ ಮುನ್ನ ಅದನ್ನು ಕೇಳಿ ಪಡೆಯುವ ಸಂಸ್ಥೆಗಳು ಬಹಳ. ದಾದಿಯರಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೊರಡುವ ನಮ್ಮ ಹೆಣ್ಣುಮಕ್ಕಳು ಇನ್ನೂ ಎಚ್ಚರದಿಂದಿರಬೇಕು. ದುಬೈ, ಸೌದಿ ಮೊದಲಾದೆಡೆಯ ಆರೋಗ್ಯ ಪ್ರಾಧಿಕಾರಗಳು ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಅನುಭವ ಪತ್ರ ಕೊಟ್ಟ ಆಸ್ಪತ್ರೆಯನ್ನೇ ನೇರವಾಗಿ ವಿಚಾರಿಸುತ್ತವೆ. ಎರಡು ತಿಂಗಳ ಕೆಲಸ ಯಾರ ದಾರಿಗೂ ದೊಡ್ಡ ಅಡ್ಡಿಯಲ್ಲ. ಅದನ್ನು ಮುಚ್ಚಲು ತಿದ್ದಿದ ದಿನಾಂಕ ಅಡ್ಡಿಯಾಗುತ್ತದೆ.

ಹಾಗಾದರೆ ಯಾವುದನ್ನು ಬರೆಯಬೇಕು? ಅರ್ಜಿ ಹಾಕುವ ಹುದ್ದೆಗೆ ಬೇಕಾದ ವಿದ್ಯೆಯನ್ನು ಆ ಎರಡು ತಿಂಗಳು ಕಲಿಸಿದ್ದರೆ ಧಾರಾಳವಾಗಿ ಬರೆಯಬಹುದು. ಅವಧಿ ಮೊದಲೇ ಗೊತ್ತಿದ್ದ ಕೆಲಸವಾದರೆ "ತಾತ್ಕಾಲಿಕ" ಅಥವಾ "ರಜಾ ಬದಲಿ" ಎಂಬ ಒಂದು ಪದ ಸೇರಿಸಿದರೆ ಎಲ್ಲ ಅನುಮಾನವೂ ತೀರುತ್ತದೆ. ಬಿಟ್ಟರೂ ಸಂದರ್ಶನದಲ್ಲಿ "ಆ ತಿಂಗಳುಗಳಲ್ಲಿ ಏನು ಮಾಡುತ್ತಿದ್ದಿರಿ" ಎಂದು ಕೇಳಿದರೆ, ಹಳೆಯ ಯಜಮಾನರನ್ನು ಹಳಿಯದೆ, ಎರಡು ವಾಕ್ಯದಲ್ಲಿ ನಿಜ ಹೇಳಿ ಮುಗಿಸುವುದು ಲೇಸು. ಸ್ವವಿವರದಲ್ಲಿ ಬಿಟ್ಟೆವೆಂದು ಆ ಎರಡು ತಿಂಗಳ ಭವಿಷ್ಯನಿಧಿಯ ಹಣವನ್ನೂ ಬಿಡಬೇಡಿ. ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ. ಸಾಲಾಗಿ ನಾಲ್ಕು ಕೆಲಸಗಳನ್ನು ಎರಡೆರಡು ತಿಂಗಳಿಗೆ ಬಿಟ್ಟವರಿದ್ದರೆ, ಅವರ ಪ್ರಶ್ನೆ ಹಾಳೆಯದ್ದಲ್ಲ. ಅಂಥವರು ನಾಲ್ಕನೆಯ ರಾಜೀನಾಮೆಗೆ ಮುನ್ನ ಬಲ್ಲ ಹಿರಿಯರೊಬ್ಬರೊಡನೆ ಕುಳಿತು ಮಾತಾಡಬೇಕಿತ್ತು.

ಮಕ್ಕಳನ್ನು ಈ ತಿದ್ದುವಿಕೆಗೆ ದೂಡುವುದು ಎಷ್ಟೋ ವೇಳೆ ಮನೆಯ ಮಾನದ ಭಯ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದದ್ದನ್ನು ನೆರೆಯವರಿಗೆ "ರಜೆಯಲ್ಲಿ ಬಂದಿದ್ದಾನೆ" ಎನ್ನುವ ಹೆತ್ತವರು, ಹಾಳೆಯ ಮೇಲೆ ಅದನ್ನೇ ಮಾಡಲು ಅವನಿಗೆ ಪಾಠ ಹೇಳಿಕೊಟ್ಟಂತಾಗುತ್ತದೆ. ಮದುವೆಯ ಮಾತುಕತೆಯಲ್ಲಂತೂ ಎರಡು ತಿಂಗಳು ಎರಡು ವರ್ಷವಾಗಿ ಬೆಳೆಯುವುದನ್ನು ನಾವೆಲ್ಲ ಬಲ್ಲೆವು.

ಇನ್ನೊಂದು ಮಾತು ನಮ್ಮವರೇ ನಡೆಸುವ ಶಾಲೆ, ಆಸ್ಪತ್ರೆ, ಕಚೇರಿಗಳಿಗೆ. ಖಾಲಿ ತಿಂಗಳುಗಳನ್ನು ತುಂಬಲು "ನಮ್ಮ ಹುಡುಗಿ ತಾನೆ, ಆರು ತಿಂಗಳು ಕಲಿಸಿದಳೆಂದು ಬರೆದುಕೊಡಿ" ಎಂಬ ಒತ್ತಾಯಕ್ಕೆ ಮಣಿಯುವುದು ಉಪಕಾರವಲ್ಲ. ವಿಚಾರಣೆಯ ದಿನ ಆ ಹುಡುಗಿಯೂ ಸಂಸ್ಥೆಯೂ ಒಟ್ಟಿಗೆ ತಲೆ ತಗ್ಗಿಸಬೇಕಾಗುತ್ತದೆ. ಹಾಗೆಯೇ, ನಿಜವಾಗಿ ದುಡಿದವರಿಗೆ, ಅದು ಎಂಟೇ ವಾರವಾಗಿದ್ದರೂ, ಬಿಡುಗಡೆ ಪತ್ರ ಕೊಡದೆ ಅಲೆದಾಡಿಸುವುದು ಅನ್ಯಾಯ. ಪತ್ರವಿಲ್ಲದ ಕೆಲಸವನ್ನು ಹೇಳಿದರೆ ಸಾಬೀತು ಮಾಡಲಾಗದು, ಹೇಳದಿದ್ದರೆ ಭವಿಷ್ಯನಿಧಿಯ ದಾಖಲೆ ಹೇಳುತ್ತದೆ. ಎಷ್ಟೋ ಮಂದಿ ಸುಳ್ಳಿಗೆ ಇಳಿಯುವುದು ಈ ಇಕ್ಕಟ್ಟಿನಲ್ಲಿಯೇ. ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಇಷ್ಟನ್ನು ಬರೆದು ಮೊಹರು ಹಾಕಲು ಹತ್ತು ನಿಮಿಷ ಸಾಕು. ಜೂನ್‌ನಲ್ಲಿ ಶಾಲೆಗಳು ತೆರೆಯುವ ಮುನ್ನ ಆಡಳಿತ ಮಂಡಳಿಗಳು ಹಾಜರಿ ಪುಸ್ತಕವನ್ನೊಮ್ಮೆ ತೆಗೆದು ನೋಡಿ, ನಡುವೆ ಬಿಟ್ಟುಹೋದವರಲ್ಲಿ ಪತ್ರ ಸಿಗದವರು ಯಾರೆಂದು ಗುರುತಿಸಿ, ಅವರು ಕೇಳಿಕೊಂಡು ಬರುವವರೆಗೆ ಕಾಯದೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ.