ಹೆತ್ತವರ ಮೇಜಿಗೊಂದು ಗಣಕಯಂತ್ರ

"ಸರ್, ಊರಿನಲ್ಲಿರುವ ಅಪ್ಪ ಅಮ್ಮನಿಗೆ ಒಂದು ಕಂಪ್ಯೂಟರ್ ಜೋಡಿಸಿಕೊಡಬೇಕೆಂದಿದ್ದೇನೆ, ಯಾವುದು ಒಳ್ಳೆಯದು?" ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಈಚೆಗೆ ಇದೇ ಪ್ರಶ್ನೆ ಕೇಳಿದರು. ಗಣಿತ ಕಲಿಸಿದವನಿಗೆ ಗಣಕವೂ ತಿಳಿದಿರಲೇಬೇಕೆಂಬ ನಂಬಿಕೆ ಅವರದು. ನನಗೆ ತಿಳಿದಿರುವುದು ಅಲ್ಪ. ಆದರೂ ಕೊಡಿಸುವವರ ಕಡೆಯಿಂದಲ್ಲದೆ, ಅದರ ಮುಂದೆ ದಿನವೂ ಕುಳಿತುಕೊಳ್ಳುವ ಎಪ್ಪತ್ತೇಳರ ಮುದುಕನ ಕಡೆಯಿಂದ ಹೇಳಬೇಕಾದ ಕೆಲವು ಮಾತುಗಳಿವೆ.

ಮೊದಲು ಒಂದು ನಷ್ಟದ ಕಥೆ. ನಿವೃತ್ತನಾದ ಮರುವರ್ಷ, 2009ರಲ್ಲಿ, ಪೇಟೆಯ ಅಂಗಡಿಯೊಂದರಲ್ಲಿ ನನ್ನ ಮೊದಲ ಯಂತ್ರವನ್ನು ಕೊಂಡೆ. ಅಂಗಡಿಯವನು ಆ ಕಾಲಕ್ಕೆ ವೇಗದ್ದೆನ್ನಿಸಿದ ಪ್ರೊಸೆಸರನ್ನೂ ನನಗೆ ಎಂದೂ ಬೇಕಾಗದ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿಕೊಟ್ಟ. ಯುಪಿಎಸ್ ಬಗ್ಗೆ ಕೇಳಿದಾಗ, "ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಸರ್, ಸಾಕು" ಎಂದ. ನಾನೂ ಒಪ್ಪಿದೆ. ಮಲೆನಾಡಿನಲ್ಲಿ ಮುಂಗಾರಿಗೆ ಮುಂಚಿನ ಮಳೆ ಎಂದರೆ ಏನೆಂದು ನಿಮಗೆ ಗೊತ್ತು. ಒಂದು ಮೇ ತಿಂಗಳ ಸಂಜೆ ಗುಡುಗಿನ ನಡುವೆ ವಿದ್ಯುತ್ತು ಮೂರು ಬಾರಿ ಹೋಗಿ ಬಂತು. ಯಂತ್ರವೂ ಮೂರು ಬಾರಿ ಆರಿ ಹೊತ್ತಿತು. ನಾಲ್ಕನೆಯ ಬಾರಿ ಹಾರ್ಡ್ ಡಿಸ್ಕ್ ಏಳಲಿಲ್ಲ.

ಅದರೊಳಗೆ ನನ್ನ ತಂದೆಯವರ ಬಾಯಿಂದ ಕೇಳಿ ಬರೆದುಕೊಂಡ ನಮ್ಮೂರ ಗದ್ದೆ, ಕೆರೆ, ಹಳ್ಳ, ಕಾನುಗಳ ಹೆಸರುಗಳಿದ್ದವು. ಯಾವ ಗದ್ದೆಗೆ ಆ ಹೆಸರು ಏಕೆ ಬಂತೆಂಬ ಟಿಪ್ಪಣಿಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ತಂದೆಯವರು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮತ್ತೆ ಕೇಳೋಣವೆಂದರೆ ಯಾರಿದ್ದರು?

ಇನ್ನು ಈಚಿನ ಸಂಗತಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ನಿಗದಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಟೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. 2015ರಲ್ಲಿ ಕೊಂಡಿದ್ದ ನನ್ನ ಎರಡನೆಯ ಯಂತ್ರ ಆ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ಬೆಂಗಳೂರಿನಲ್ಲಿರುವ ಮಗ ಒಂದು ಪಟ್ಟಿ ಕಳುಹಿಸಿದ. ಆಟಗಾರರು ಬಳಸುವಂಥ ಪ್ರೊಸೆಸರ್, ದುಬಾರಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ದೀಪಗಳಿರುವ ಗಾಜಿನ ಕ್ಯಾಬಿನೆಟ್ಟು. ಕೊನೆಯ ಸಾಲಿನಲ್ಲಿ, "ಮಾನಿಟರ್: ಹಳೆಯದೇ ಸಾಕು". ಪ್ರೀತಿಯಿಂದ ಮಾಡಿದ ಪಟ್ಟಿ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದೆ.

ದೀಪಾವಳಿಗೆ ಬಂದಾಗ ಅವನು, "ಅಪ್ಪಯ್ಯ, ದಿನಾ ಮಾಡುವ ಕೆಲಸ ಒಮ್ಮೆ ಮಾಡಿ ತೋರಿಸಿ" ಎಂದು ಪಕ್ಕದಲ್ಲಿ ಕುಳಿತ. ಅರ್ಧ ದಿನ ಏನೂ ಮಾತಾಡದೆ ನೋಡಿದ. ಅಕ್ಷರ ಕಾಣದೆ ನಾನು ಪರದೆಗೆ ಮೂಗು ತಾಗಿಸುವುದನ್ನು ಕಂಡ. ಪೆನ್ ಡ್ರೈವ್ ಸಿಕ್ಕಿಸಲು ಅವನ ತಾಯಿ ಮೇಜಿನ ಕೆಳಗೆ ಬಗ್ಗಿ, ಏಳುವಾಗ ಸೊಂಟ ಹಿಡಿದುಕೊಂಡದ್ದನ್ನು ಕಂಡ. ಆಕೆ ಬರೆಯುವ ಸ್ವಸಹಾಯ ಸಂಘದ ಲೆಕ್ಕಕ್ಕೂ ನನ್ನ ಬರವಣಿಗೆಗೂ ಎಷ್ಟು ಕಡಿಮೆ ವೇಗ ಸಾಕೆಂಬುದನ್ನೂ ಕಂಡ. ಆ ಸಂಜೆ ಪಟ್ಟಿ ತಲೆಕೆಳಗಾಯಿತು.

ಗ್ರಾಫಿಕ್ಸ್ ಕಾರ್ಡು ಹೋಯಿತು. ಚಿತ್ರ ಮೂಡಿಸುವ ಭಾಗ ಒಳಗೇ ಇರುವ ಸಾಧಾರಣ ಕೋರ್ ಐ3 ಪ್ರೊಸೆಸರ್ ಬಂತು. ಇಲ್ಲೊಂದು ಎಚ್ಚರಿಕೆ: ಇಂಟೆಲ್‌ನ ಮಾದರಿ ಸಂಖ್ಯೆಯ ಕೊನೆಗೆ 'ಎಫ್' ಅಕ್ಷರವಿದ್ದರೆ ಆ ಭಾಗ ಇರುವುದಿಲ್ಲ, ಪ್ರತ್ಯೇಕ ಕಾರ್ಡ್ ಬೇಕಾಗುತ್ತದೆ. ತಿರುಗುವ ಹಾರ್ಡ್ ಡಿಸ್ಕಿನ ಬದಲು 500 ಜಿಬಿ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್. ವೇಗದ ವಿಚಾರ ಅಷ್ಟಕ್ಕೇ ಮುಗಿಯಿತು. ಕ್ಯಾಬಿನೆಟ್ಟು ಚಿಕ್ಕದು, ಮೇಜಿನ ಮೇಲೆಯೇ ಕೂರುತ್ತದೆ, ಯುಎಸ್‌ಬಿ ಕಿಂಡಿಗಳು ಮುಂದುಗಡೆಯೇ ಇವೆ.

ಉಳಿದ ಹಣವೆಲ್ಲ ಕಣ್ಣಿಗೆ. ಕನ್ನಡ ಓದುವವರಿಗೆ ಮಾನಿಟರ್ ಮುಖ್ಯ. ನಮ್ಮ ಒತ್ತಕ್ಷರಗಳು ಅಕ್ಷರದ ಕೆಳಗೆ ಪುಟ್ಟದಾಗಿ ಕುಳಿತಿರುತ್ತವೆ, ಪರದೆ ಒರಟಾಗಿದ್ದರೆ ನ-ಒತ್ತು ಯಾವುದು, ತ-ಒತ್ತು ಯಾವುದು ತಿಳಿಯದು. 27 ಇಂಚಿನ, 2560×1440 ಬಿಂದುಗಳ ಮಾನಿಟರ್ ತಂದು ಎಲ್ಲವೂ ಶೇಕಡ 150ರಷ್ಟು ದೊಡ್ಡದಾಗಿ ಕಾಣುವಂತೆ ಹೊಂದಿಸಿದ. ಎತ್ತರ ತಗ್ಗಿಸಬಹುದಾದ ನಿಲುವು ಇರುವುದನ್ನೇ ಆರಿಸಿದ. ಬೈಫೋಕಲ್ ಕನ್ನಡಕದವರು ಕೆಳಗಿನ ಗಾಜಿನಿಂದ ಓದುವುದರಿಂದ ಪರದೆ ಎತ್ತರವಾದರೆ ಕತ್ತು ಹಿಂದಕ್ಕೆ ಬಾಗುತ್ತದೆ. ನನ್ನ ಕತ್ತುನೋವಿಗೆ ವೈದ್ಯರು ಹುಡುಕುತ್ತಿದ್ದ ಕಾರಣ ಅದೇ ಇರಬೇಕು. ಕೀಲಿಮಣೆ ಮಾತ್ರ ಸಾಮಾನ್ಯವಾದದ್ದು, ಅಕ್ಷರಗಳು ದೊಡ್ಡವು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ದೆಸೆಯಿಂದ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಬರೆಯಬಹುದಲ್ಲ!

ಮತ್ತೆ ಯುಪಿಎಸ್. ಇನ್ವರ್ಟರ್ ಬದಲಾಯಿಸಿಕೊಳ್ಳುವ ಆ ಕ್ಷಣಾರ್ಧದಲ್ಲಿ ಗಣಕ ಆರಿಹೋಗಬಹುದು. ಯುಪಿಎಸ್ ಅದನ್ನು ತಡೆದು, ಬರೆದದ್ದನ್ನು ಉಳಿಸಿ ಮುಚ್ಚುವಷ್ಟು ನಿಮಿಷಗಳನ್ನು ಕೊಡುತ್ತದೆ. ಕೆಲವು ವರ್ಷಗಳಿಗೊಮ್ಮೆ ಅದರ ಬ್ಯಾಟರಿ ಬದಲಿಸಬೇಕು. ಸಿಡಿಲನ್ನು ಅದೂ ತಡೆಯಲಾರದು. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ, ವಿದ್ಯುತ್ ಪ್ಲಗ್ಗನ್ನೂ ಅಂತರ್ಜಾಲದ ತಂತಿಯನ್ನೂ ಕಿತ್ತಿಡುವುದೇ ಮದ್ದು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಮೊದಲೇ ನೋಡಿಸಿ. ಕೊನೆಯದಾಗಿ, ಪ್ರತಿಗಳನ್ನು ಇಡಲು ಹೊರಗಿನ ಡಿಸ್ಕ್ ಒಂದು. ಭಾನುವಾರ ಪ್ರತಿ ತೆಗೆದು ಅದನ್ನು ಬೀರುವಿನಲ್ಲಿಡುವುದು ನನ್ನ ಪಾಲಿನ ಕೆಲಸ.

ಇಷ್ಟೆಲ್ಲ ತಾಪತ್ರಯವೇಕೆ, ಲ್ಯಾಪ್‌ಟಾಪ್ ಕೊಡಿಸಿದರಾಗದೇ ಎನ್ನುವವರಿದ್ದಾರೆ. ಅದರಲ್ಲಿ ಬ್ಯಾಟರಿ ಇರುವುದು ದೊಡ್ಡ ಅನುಕೂಲ. ಮಕ್ಕಳ ಮನೆಗೂ ಊರಿಗೂ ಓಡಾಡುವ ದಂಪತಿಗೆ ಅದೇ ಸರಿ. ದಿನಕ್ಕೆ ಮೂರು ತಾಸು ಒಂದೇ ಮೇಜಿಗೆ ಕೂರುವವರಿಗೆ ಮಾತ್ರ ದೊಡ್ಡ ಪರದೆಯೇ ಹಿತ.

ಆದ್ದರಿಂದ ನನ್ನ ಮೂವರು ವಿದ್ಯಾರ್ಥಿಗಳಿಗೆ ಉತ್ತರವಿಷ್ಟೆ: ಭಾಗಗಳ ಪಟ್ಟಿ ಮಾಡುವುದಕ್ಕೆ ಮೊದಲು ಊರಿಗೆ ಹೋಗಿ, ಅರ್ಧ ದಿನ ಅವರ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ನಿಮ್ಮ ಕೆಲಸಕ್ಕೆ ಬೇಕಾದ ಯಂತ್ರವನ್ನು ಅವರ ಮೇಜಿನ ಮೇಲೆ ತಂದಿಡಬೇಡಿ.

ಹೊಸ ಯಂತ್ರದಲ್ಲಿ ಗದ್ದೆಗಳ ಹೆಸರನ್ನು ಮತ್ತೆ ಬರೆಯಲು ತೊಡಗಿದ್ದೇನೆ. ಇದುವರೆಗೆ ಇಪ್ಪತ್ತಮೂರು ನೆನಪಾಗಿವೆ. ತಂದೆಯವರು ಹೇಳಿದ್ದು ಅದರ ಎರಡರಷ್ಟಾದರೂ ಇದ್ದವು. ಬಂಧುಗಳ ಪೈಕಿ ಯಾರಿಗಾದರೂ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ ಹೆಸರು ಒಂದಾದರೂ ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ.